ತಪ್ಪು ವಿಂಡೋಸ್‌ನದಲ್ಲ, ಫಾಂಟ್‌ನದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನು ಮೇಲೆ ವಿಜಯಪುರದ ನನ್ನ ದುರಸ್ತಿ ಅಂಗಡಿಗೆ ಬರುವವರೆಲ್ಲ ವಿಂಡೋಸ್ 11 ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳುವವರೂ ಇದ್ದಾರೆ. ಆದರೆ ಕನ್ನಡದಲ್ಲಿ ಟೈಪ್ ಮಾಡಿ ಹೊಟ್ಟೆ ಹೊರೆಯುವ ನನ್ನ ಗಿರಾಕಿಗಳು ಹಿಂದಕ್ಕೆ ನಡೆಯುತ್ತಾರೆ: ‘ಹೊಸದರಲ್ಲಿ ಕನ್ನಡ ಬರುವುದಿಲ್ಲ ಸಾಹೇಬರೇ, ವಿಂಡೋಸ್ 7 ಹಾಕಿಕೊಡಿ.’

ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರ ಬರೆಯುವವರು, ಲಗ್ನಪತ್ರಿಕೆ ಮುದ್ರಿಸುವವರು, ಪತ್ತಿನ ಸಂಘಗಳ ಗುಮಾಸ್ತರು, ಪ್ರಶ್ನೆಪತ್ರಿಕೆ ತಯಾರಿಸುವ ಮಾಸ್ತರರು, ಎಲ್ಲರದೂ ಒಂದೇ ಮಾತು. ಜಾಣರು ಇವರು. ಉತಾರದಲ್ಲಿ (ಪಹಣಿಯಲ್ಲಿ) ಒಂದು ಗುಂಟೆ ಆಚೀಚೆ ಆದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿಡಿಯುತ್ತಾರೆ. ಆದರೆ ಕನ್ನಡ ಅಕ್ಷರಗಳು ವಿಂಡೋಸ್‌ನೊಳಗೆ ಕೂತಿರುತ್ತವೆ, ಹಳೆಯ ವಿಂಡೋಸ್‌ನಲ್ಲಿದ್ದ ಕನ್ನಡವನ್ನು ಹೊಸದರಲ್ಲಿ ತೆಗೆದುಹಾಕಿದ್ದಾರೆ ಎಂಬ ನಂಬಿಕೆಯನ್ನು ಮಾತ್ರ ಬಿಡುವುದಿಲ್ಲ.

ಕಚೇರಿಯ ಕಾಂಪೌಂಡಿನ ಹೊರಗೆ ಕೂತು ದಸ್ತಾವೇಜು ಟೈಪ್ ಮಾಡುವ ಒಬ್ಬ ಕಾಕಾ ಇದ್ದಾರೆ. ಅವರ ಅಳಿಯ ಬೆಂಗಳೂರಿನಿಂದ ಬಂದವನು ಉಪಕಾರ ಮಾಡಲು ಹೋಗಿ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕಿ ಹೋದ. ಡಿ ಡ್ರೈವ್‌ನಲ್ಲಿದ್ದ ಕಡತಗಳನ್ನು ಮುಟ್ಟಿರಲಿಲ್ಲ, ಅಷ್ಟು ಬುದ್ಧಿ ಇತ್ತು. ಕಾಕಾ ಮರುದಿನ ಒಂದು ಪತ್ರ ತೆರೆದರೆ ಪರದೆಯ ತುಂಬ ಇಂಗ್ಲಿಷಿನ ಕಸ. ವೈರಸ್ ಬಂದಿದೆ ಎಂದು ಪ್ಲಗ್ ಕಿತ್ತು, ಯಂತ್ರವನ್ನು ಆಟೋದಲ್ಲಿ ಇಟ್ಟುಕೊಂಡು ಬಂದರು. ನಾನು ಅವರದೇ ಹಳೆಯ ಪೆನ್‌ಡ್ರೈವ್‌ನಲ್ಲಿದ್ದ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟ್‌ಗಳನ್ನು, ಅಂದರೆ ಅಕ್ಷರಗಳ ಚಿತ್ರವಿರುವ ಕಡತಗಳನ್ನು, ಹೊಸ ವಿಂಡೋಸ್‌ಗೆ ಹಾಕಿದೆ. ಪತ್ರ ಮೊದಲಿನಂತೆ ಕನ್ನಡದಲ್ಲಿ ತೆರೆದುಕೊಂಡಿತು. ಚಹಾ ಕುಡಿದು, ಸಮಾಧಾನದಿಂದ ಎಲ್ಲ ನೋಡಿ, ಕಾಕಾ ಹೇಳಿದರು: ‘ಛಲೋ ಆಯಿತು. ಈಗ ಇದನ್ನು ತೆಗೆದು ವಿಂಡೋಸ್ 7 ಹಾಕಿಬಿಡು.’

ಹೀಗಾಗಿ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಬೇಸರಿಸಬಾರದು.

ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಪದ್ಧತಿಯಲ್ಲಿ ನೀವು ‘ಕನ್ನಡ’ ಎಂದು ಟೈಪ್ ಮಾಡಿದಾಗ ಕಡತದೊಳಗೆ ಕನ್ನಡದ ಒಂದು ಅಕ್ಷರವೂ ದಾಖಲಾಗುವುದಿಲ್ಲ. ನುಡಿಯಲ್ಲಿ ದಾಖಲಾಗುವುದು ಇದು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನರು ಬಳಸುವ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಮತ್ತೊಮ್ಮೆ ಆ ಗೆರೆಯ ಎ. ಏಳು ಚಿಹ್ನೆ. ನುಡಿ ಫಾಂಟಿನಲ್ಲಿ ಪಿ ಇರಬೇಕಾದ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಚಿತ್ರವಿದೆ, ಎ ಜಾಗದಲ್ಲಿ ತಲೆಕಟ್ಟಿನ ಚಿತ್ರವಿದೆ, ಜೋಡಿ ಎಸ್ ಜಾಗದಲ್ಲಿ ನಕಾರದ ಒತ್ತು ಇದೆ. ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ, ಇಲ್ಲದಿದ್ದರೆ ಪಿ ಮತ್ತು ಪೌಂಡ್. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಳಚಿಟ್ಟ ಮೇಲೆ ಒಳಗಿದ್ದ ಮನುಷ್ಯ ಕಾಣುತ್ತಾನಲ್ಲ, ಅಷ್ಟೇ. ವೇಷ ಕಳಚಿದ್ದಕ್ಕೆ ರಂಗಮಂಚವನ್ನು ಬೈದರೆ ಏನು ಬಂತು?

ಕಾಕಾ ಅವರ ಯಂತ್ರದಲ್ಲಿ ಫಾರ್ಮ್ಯಾಟ್ ಮಾಡಿದಾಗ ಹೋದದ್ದು ಸಿ ಡ್ರೈವ್‌ನ ಫಾಂಟ್ಸ್ ಫೋಲ್ಡರ್. ಅದೇ ಯಂತ್ರಕ್ಕೆ ಹೊಸದಾಗಿ ವಿಂಡೋಸ್ 7 ಹಾಕಿದ್ದರೂ ಅದೇ ಕಸವೇ ಕಾಣುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಹಾಕಿದ್ದರೂ ಅದೇ. ಇದನ್ನು ನಾನು ಗಿರಾಕಿಗಳ ಕಣ್ಣೆದುರೇ ತೋರಿಸಿದ್ದೇನೆ. ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಫೋನ್ ಮಾಡಿ ‘ಆದರೂ ಸೆವೆನ್ ಇದ್ದರೆ ಚೆನ್ನಾಗಿತ್ತು’ ಎನ್ನುತ್ತಾರೆ.

ಯೂನಿಕೋಡ್ ಎಂಬ, ಜಗತ್ತಿಗೆಲ್ಲ ಒಂದೇ ಆದ ಅಕ್ಷರಸಂಕೇತ ಪದ್ಧತಿಯ ಲೆಕ್ಕ ಬೇರೆ. ಅಲ್ಲಿ ಕಕಾರಕ್ಕೆ ತನ್ನದೇ ಸಂಖ್ಯೆ ಇದೆ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮ್ಯಾಕ್ ಇರಲಿ, ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ಇರಲಿ, ಆ ಸಂಖ್ಯೆ ಕಂಡರೆ ಅದು ಕಕಾರವೇ. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಮೊಮ್ಮಗಳು ಕಳಿಸಿದ ಕನ್ನಡ ನಿಮಗೆ ಸರಿಯಾಗಿ ಕಾಣುವುದು ಇದರಿಂದ. ವಿಂಡೋಸ್‌ನಲ್ಲಿ ಇದಕ್ಕಾಗಿ ಎಕ್ಸ್‌ಪಿ ಕಾಲದಿಂದಲೇ ತುಂಗಾ ಫಾಂಟ್ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಬಂತು. ಅಂದರೆ ಹೊಸ ವಿಂಡೋಸ್‌ನಲ್ಲಿ ಕನ್ನಡ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ ಕಗಪ ವಿನ್ಯಾಸ. ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ, ಒಂದು ಆಯ್ಕೆಯನ್ನು ಬದಲಿಸಿದರೆ ಸಾಕು.

ಹಾಗಾದರೆ ಮುದ್ರಕರು ಏಕೆ ಒಪ್ಪುವುದಿಲ್ಲ? ಅವರ ಪಕ್ಷದಲ್ಲಿ ನ್ಯಾಯವಿದೆ. ಅವರು ಇಂದಿಗೂ ಪುಟ ಕಟ್ಟುವುದು ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲಿ. ಅದರ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಅದು ಯೂನಿಕೋಡ್ ಕನ್ನಡವನ್ನು ಅರಗಿಸಿಕೊಳ್ಳುವುದಿಲ್ಲ. ಬೀಗರು ವಾಟ್ಸ್‌ಆ್ಯಪ್‌ನಲ್ಲಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿದ ಲಗ್ನಪತ್ರಿಕೆಯ ಮಜಕೂರನ್ನು ಎದುರಿಗಿಟ್ಟುಕೊಂಡು, ಹುಡುಗನೊಬ್ಬ ಅದನ್ನೇ ನುಡಿಯಲ್ಲಿ ಮತ್ತೊಮ್ಮೆ ಮೊದಲಿನಿಂದ ಟೈಪ್ ಮಾಡುವುದನ್ನು ನೋಡಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸೋದರಮಾವನ ಹೆಸರು ತಪ್ಪುವುದು ಇಲ್ಲೇ. ಪುಟ ಕಟ್ಟುವ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನ್‌ನ ಈಚಿನ ಆವೃತ್ತಿಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ. ಆದರೆ ಅದಕ್ಕೆ ಚಂದಾ ಕಟ್ಟಬೇಕು, ಕೆಲಸದವರು ಕಲಿಯಬೇಕು. ಚಿಕ್ಕ ಮುದ್ರಣಾಲಯಕ್ಕೆ ಅದು ಸಲೀಸಲ್ಲ ಎಂಬುದು ನನಗೂ ಗೊತ್ತು. ಅಂಥವರಿಗೆ ಪೇಜ್‌ಮೇಕರ್‌ಗೆಂದೇ ಒಂದು ಹಳೆಯ ಯಂತ್ರವನ್ನು ಬೇರೆ ಇಟ್ಟುಕೊಳ್ಳಿ, ಅದರ ಇಂಟರ್ನೆಟ್ ತಂತಿ ಕಿತ್ತುಹಾಕಿ, ಅದರಲ್ಲಿ ವಿಂಡೋಸ್ 7 ಇದ್ದರೂ ಇರಲಿ ಎಂದು ನಾನೇ ಹೇಳುತ್ತೇನೆ. ಪೆನ್‌ಡ್ರೈವ್ ಚುಚ್ಚುವ ಮುನ್ನ ಇನ್ನೊಂದು ಯಂತ್ರದಲ್ಲಿ ಸ್ಕ್ಯಾನ್ ಮಾಡಿ. ಬ್ಯಾಂಕಿನ ವ್ಯವಹಾರ ಮಾತ್ರ ಅದರಲ್ಲಿ ಬೇಡವೇ ಬೇಡ.

ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಕ್ರೋಮ್ ಬ್ರೌಸರ್ 2023ರ ಆರಂಭದಲ್ಲಿ 109ನೇ ಆವೃತ್ತಿಗೇ ಅದರ ಕೈಬಿಟ್ಟಿತು. ‘ಯಂತ್ರ ನಡೆಯುತ್ತಿದೆಯಲ್ಲ’ ಎನ್ನುತ್ತಾರೆ. ನಡೆಯುತ್ತದೆ, ಯಾರು ಇಲ್ಲವೆಂದರು? ಬೆಂಬಲ ನಿಂತಿತು ಎಂದರೆ ಹೊಸದಾಗಿ ಪತ್ತೆಯಾದ ತೂತುಗಳಿಗೆ ತೇಪೆ ಬರುವುದಿಲ್ಲ ಎಂದಷ್ಟೇ ಅರ್ಥ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿ ಹಣ ಕೇಳಿತಲ್ಲ, ಅದು ನುಗ್ಗಿದ ತೂತಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಅದನ್ನು ಹಾಕಿಕೊಳ್ಳದ ವಿಂಡೋಸ್ 7 ಬಳಕೆದಾರರು. ಈಗ ವಿಂಡೋಸ್ 7 ಹಾಕಿಸಿಕೊಳ್ಳುವವರಿಗೆ ತೇಪೆಯ ಆಸೆಯೂ ಇಲ್ಲ. ಸಾಲದ್ದಕ್ಕೆ, ಗೆಳೆಯ ಕೊಟ್ಟ ‘ಲೈಫ್‌ಟೈಮ್’ ವಿಂಡೋಸ್ ಎಂದು ಕದ್ದ ಪ್ರತಿಯನ್ನು ತರುತ್ತಾರೆ. ಅದನ್ನು ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡಿಕೊಳ್ಳಿ ಎಂಬ ಸೂಚನೆಯೂ ಜೊತೆಗಿರುತ್ತದೆ. ಅದನ್ನು ಓದಿಯೂ ಅನುಮಾನ ಬರದವರಿಗೆ ನಾನು ಏನು ಹೇಳಲಿ?

ಇನ್ನು ಯಾರಿಗೆ ಯಾವುದು? ನನ್ನನ್ನು ಕೇಳಿದರೆ ಮೊದಲು ನಿಮ್ಮ ಕೆಲಸ ಯಾವುದೆಂದು ಕೇಳುತ್ತೇನೆ. ಒಣದ್ರಾಕ್ಷಿ ವ್ಯಾಪಾರಿಗೆ ಲೆಕ್ಕ ಇಡುವ ಟ್ಯಾಲಿ ತಂತ್ರಾಂಶ ಬೇಕು, ಗುತ್ತಿಗೆದಾರರಿಗೆ ಡಿಜಿಟಲ್ ಸಹಿಯ ಟೋಕನ್ ನಡೆಯಬೇಕು. ಇಂಥವರು ವಿಂಡೋಸ್ 11 ಬಿಟ್ಟು ಬೇರೆ ಯೋಚಿಸುವುದು ಬೇಡ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಮುಂದಿನದು. ಹಳೆಯ ಯಂತ್ರಕ್ಕೆ ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಮುಂದಿನ ಅಪ್‌ಡೇಟ್‌ಗಳಿಗೆ ಅಲ್ಲಿ ಖಾತ್ರಿ ಇಲ್ಲವಾದ್ದರಿಂದ ಲೆಕ್ಕಪತ್ರದ ಯಂತ್ರಕ್ಕೆ ನಾನು ಹಾಗೆ ಮಾಡುವುದಿಲ್ಲ. ತಕ್ಷಣ ಹೊಸ ಯಂತ್ರ ಕೊಳ್ಳಲಾಗದ ಮನೆಯವರು ವಿಂಡೋಸ್ 10ರಲ್ಲೇ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಪ್ರಕಟಿಸಿದೆ.

ನಿವೃತ್ತ ಮಾಸ್ತರರೊಬ್ಬರ ಹಳೆಯ ಡೆಸ್ಕ್‌ಟಾಪ್‌ಗೆ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯನ್ನು ಇಳಿಸಿಕೊಟ್ಟೆ. ಪತ್ರಿಕೆ ಓದುತ್ತಾರೆ, ವಚನಗಳ ಟಿಪ್ಪಣಿ ಬರೆಯುತ್ತಾರೆ. ಲಿನಕ್ಸ್‌ನಲ್ಲೂ ಕಗಪ ಕೀಲಿಮಣೆ ಸಿಗುವುದರಿಂದ ಅವರಿಗೆ ಏನೂ ತೊಡಕಾಗಲಿಲ್ಲ. ಆದರೆ ಎಲ್ಲರಿಗೂ ಇದನ್ನೇ ಹೇಳಲಾರೆ: ಟ್ಯಾಲಿ, ಪೇಜ್‌ಮೇಕರ್ ಅದರಲ್ಲಿ ನೆಟ್ಟಗೆ ನಡೆಯುವುದಿಲ್ಲ, ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಮೊಂಡಾಟ ಮಾಡುತ್ತವೆ.

ಹಳೆಯ ನುಡಿ ಕಡತಗಳನ್ನೆಲ್ಲ ಒಂದೇ ರಾತ್ರಿ ಯೂನಿಕೋಡ್‌ಗೆ ಪರಿವರ್ತಿಸಲು ಹೊರಡಬೇಡಿ. ಪರಿವರ್ತಕಗಳಿವೆ, ಬಹುಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡುತ್ತವೆ. ಆದರೆ ಅರ್ಕಾವತ್ತು ಹಳೆಯ ಪದ್ಧತಿಯಲ್ಲಿ ಅಕ್ಷರದ ನಂತರ ದಾಖಲಾಗಿರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಈ ಸ್ಥಳಾಂತರದಲ್ಲಿ ಆಗೀಗ ಎಡವುತ್ತವೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ತಿಳಿದು ಕಲಸಿಹಾಕುವುದುಂಟು. ವಾಟ್ನಿ ಪತ್ರದಲ್ಲಿ ‘ಧರ್ಮಣ್ಣ’ ಇದ್ದವನು ಬೇರೆ ಯಾರೋ ಆಗಿಬಿಟ್ಟರೆ ಪರಿವರ್ತಕ ಕೋರ್ಟಿಗೆ ಬರುವುದಿಲ್ಲ. ಹಳೆಯವು ಹಾಗೇ ಇರಲಿ, ಬೇಕಾದಾಗ ಬೇಕಾದದ್ದನ್ನು ಪರಿವರ್ತಿಸಿ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಹೆಸರು, ಸರ್ವೆ ನಂಬರುಗಳನ್ನು ಕಣ್ಣಾರೆ ನೋಡಿ. ಹೊಸದಾಗಿ ಟೈಪ್ ಮಾಡುವುದನ್ನು ಯೂನಿಕೋಡ್‌ನಲ್ಲೇ ಮಾಡಿ.

ಅಂಗಡಿಗೆ ಯಂತ್ರ ತರುವ ಮುನ್ನ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ, ಪ್ರಿಂಟರ್‌ನ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳಿ. ಮುದ್ರಕರು ಲಗ್ನದ ಸುಗ್ಗಿ ಮುಗಿಯುವವರೆಗೆ ಏನನ್ನೂ ಬದಲಿಸಲು ಹೋಗಬೇಡಿ, ಮಳೆಗಾಲಕ್ಕೆ ಬನ್ನಿ. ಆಗ ನನಗೂ ಬಿಡುವಿರುತ್ತದೆ.