ಒಂದು ಕಣ್ಣಿಗೆ ಅಕ್ಷರ ನೀಟು, ಇನ್ನೊಂದಕ್ಕೆ ಮಬ್ಬು: ಹೊಸ ಪ್ರೊಗ್ರೆಸಿವ್ ಕನ್ನಡಕದ ತಕರಾರು

"ಅಭ್ಯಾಸ ಆಗುತ್ತೆ ಬಿಡಿ, ಎರಡು ವಾರ ಹಾಕ್ಕೊಳ್ಳಿ." ಹೊಸ ಪ್ರೊಗ್ರೆಸಿವ್ ಕನ್ನಡಕ ತಗೊಂಡವರು ವಾಪಸ್ ಬಂದು ಏನೇ ಹೇಳಲಿ, ನಾವು ಕನ್ನಡಕದವರು ಕೊಡುವ ಮೊದಲ ಉತ್ತರ ಇದು. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿದ್ದೇನೆ. ಎಷ್ಟೋ ಸಲ ಅದು ಸರಿಯೇ. ಮೆಟ್ಟಿಲು ಇಳಿಯುವಾಗ ನೆಲ ತೇಲಿದ ಹಾಗೆ ಆಗುವುದು, ಕತ್ತು ತಿರುಗಿಸಿದಾಗ ಗೋಡೆ ಅಲುಗಾಡಿದ ಹಾಗೆ ಕಾಣುವುದು, ಇವೆಲ್ಲ ದಿನ ಕಳೆದಂತೆ ಸಾಮಾನ್ಯವಾಗಿ ಒಗ್ಗುತ್ತವೆ. ಆದರೆ "ಓದುವಾಗ ಬಲಗಣ್ಣಿಗೆ ನೀಟಾಗಿ ಕಾಣುತ್ತೆ, ಎಡಗಣ್ಣಿಗೆ ಮಬ್ಬು" ಅಂತ ಯಾರಾದರೂ ಹೇಳಿದರೆ ಸುಮ್ನೆ ಕಾಯುವುದರಲ್ಲಿ ಅರ್ಥ ಇಲ್ಲ. ಎಲ್ಲೋ ಏನೋ ತಪ್ಪಿದೆ, ಹುಡುಕಬೇಕು.

ಈ ಲೆನ್ಸ್ ಒಳಗೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ. ಮೇಲೆ ದೂರದ ಪವರ್, ಕೆಳಗೆ ಓದುವ ಪವರ್, ನಡುವೆ ಒಂದು ಕಿರಿದಾದ ಓಣಿ. ಓಣಿಯ ಎರಡೂ ಪಕ್ಕ ಮಸುಕು. ಕೆಳಕ್ಕೆ ಪವರ್ ಎಷ್ಟು ಬೇಗ ಏರುತ್ತದೋ ಅದರ ಎರಡರಷ್ಟು ವೇಗದಲ್ಲಿ ಪಕ್ಕಕ್ಕೆ ಬೇಡದ ಸಿಲಿಂಡರ್ ಪವರ್, ಅಂದರೆ ಈ ಮಸುಕು ತರುವ ಪವರ್, ಬೆಳೆಯುತ್ತದೆ. 1963ರಲ್ಲೇ ಮಿಂಕ್‌ವಿಟ್ಸ್ ಅನ್ನುವ ಗಣಿತಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದ್ದರು, ಎಷ್ಟು ದುಡ್ಡು ಕೊಟ್ಟರೂ ಪೂರ್ತಿ ತಪ್ಪಿಸಲು ಆಗುವುದಿಲ್ಲ. ಹಾಗಾಗಿ ಚಾಳೀಸು ಶುರುವಾದಾಗ +1.00 ಓದುವ ಪವರ್ ಇದ್ದವರಿಗೆ ಓಣಿ ಅಗಲವಾಗಿರುತ್ತದೆ, ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ನಡೆದುಹೋಗುತ್ತದೆ. +2.50 ಆದವರಿಗೆ ಅಷ್ಟು ರಿಯಾಯಿತಿ ಇಲ್ಲ.

ಹತ್ತಿರ ಕೂತು ಓದಿಸಿ ನೋಡದೆ ಯಾವ ಯಂತ್ರವನ್ನೂ ಮುಟ್ಟಬಾರದು ಅನ್ನುವುದು ನನ್ನ ಪದ್ಧತಿ. ಪುಸ್ತಕ ಅವರು ಮಾಮೂಲಾಗಿ ಹಿಡಿಯುವ ದೂರದಲ್ಲೇ ಇರಲಿ. ಒಂದು ಕಣ್ಣು ಮುಚ್ಚಿ ಒಂದು ಸಾಲು, ಇನ್ನೊಂದು ಮುಚ್ಚಿ ಅದೇ ಸಾಲು, ಆಮೇಲೆ ಎರಡೂ ತೆರೆದು. ಇಲ್ಲೇ ಅರ್ಧ ಕೆಲಸ ಮುಗಿಯುತ್ತದೆ, ಯಾಕೆಂದರೆ ಜನ "ಒಂದು ಕಣ್ಣು ಮಬ್ಬು" ಅನ್ನುವಾಗ ಎಷ್ಟೋ ಸಲ ಮಬ್ಬಾಗಿರುವುದು ಕಣ್ಣಲ್ಲ, ಪುಟದ ಒಂದು ಪಕ್ಕ.

ಇದು ನಾನು ತಪ್ಪು ಮಾಡಿ ಕಲಿತದ್ದು. ಒಬ್ಬ ಮೇಷ್ಟ್ರಿಗೆ ಕನ್ನಡಕ ಮಾಡಿಕೊಟ್ಟಿದ್ದೆ. ಎರಡು ಪಾಪೆಗಳ ನಡುವಿನ ಅಂತರ, ಅಂದರೆ ಪಿ.ಡಿ., 64 ಮಿ.ಮೀ. ಬಂತು. ಅರ್ಧ ಮಾಡಿ 32, 32 ಅಂತ ಬರೆದು ಕಳಿಸಿದೆ. ಅವರು ವಾಪಸ್ ಬಂದು ಪೇಪರ್ ಓದಿದ್ದನ್ನು ನೋಡಿದರೆ, ಮುಖ ಎಡಕ್ಕೆ ತಿರುಗಿಸಿಕೊಂಡು ಕಣ್ಣು ಮಾತ್ರ ಬಲಕ್ಕೆ ಹೊರಳಿಸಿ ಓದುತ್ತಿದ್ದಾರೆ! ನೇರ ಹಿಡಿದರೆ ಪುಟದ ಬಲಗಡೆ ಸ್ಪಷ್ಟ, ಎಡಗಡೆ ಮಬ್ಬು. ಮೂಗಿನ ಮಧ್ಯದಿಂದ ಒಂದೊಂದೇ ಕಣ್ಣಿಗೆ ಅಳೆದಾಗ ಬಲಕ್ಕೆ 30.5, ಎಡಕ್ಕೆ 33.5. ಎರಡೂ ಲೆನ್ಸಿನ ಓಣಿ 1.5 ಮಿ.ಮೀ. ಬಲಕ್ಕೆ ಕೂತಿತ್ತು. ಮೂಗು ಎಲ್ಲರ ಮುಖದಲ್ಲೂ ಸರಿಯಾಗಿ ಮಧ್ಯದಲ್ಲೇ ಇರುತ್ತದೆ ಅಂತ ನಂಬಿದ್ದು ನನ್ನ ದಡ್ಡತನ. ಅದೃಷ್ಟಕ್ಕೆ ಅದು ಮೂಗಿನ ಮೇಲೆ ಕೂರುವ, ಬಗ್ಗಿಸಬಹುದಾದ ಪ್ಯಾಡ್ ಇರುವ ಫ್ರೇಮ್. ಎರಡೂ ಪ್ಯಾಡನ್ನು ಬಲಕ್ಕೆ ಸ್ವಲ್ಪ ಒತ್ತಿದೆ, ಕನ್ನಡಕ ಎಡಕ್ಕೆ ಸರಿಯಿತು, ಮೇಷ್ಟ್ರ ಮುಖ ನೇರವಾಯಿತು. ಪ್ಲಾಸ್ಟಿಕ್ ಫ್ರೇಮ್ ಆಗಿದ್ದರೆ ಲೆನ್ಸ್ ಹೊಸದಾಗಿ ಮಾಡಬೇಕಿತ್ತು.

ಪಿ.ಡಿ. ಒಟ್ಟಾರೆ ಜಾಸ್ತಿ ಆಗಿದ್ದರೆ ಕಥೆ ಬೇರೆ. ಬಲಗಣ್ಣಿಗೆ ಪುಟದ ಬಲಗಡೆ, ಎಡಗಣ್ಣಿಗೆ ಎಡಗಡೆ ಚೆನ್ನಾಗಿ ಕಾಣುತ್ತದೆ. ಎರಡೂ ಕಣ್ಣಿಗೆ ಒಟ್ಟಿಗೆ ಸಿಗುವ ಜಾಗ ಮಧ್ಯದಲ್ಲಿ ಬೆರಳಗಲ ಉಳಿದರೆ ಹೆಚ್ಚು.

ಇನ್ನು ನಿಜವಾಗಿಯೂ ಒಂದೇ ಕಣ್ಣು ಮಬ್ಬು ಅಂದರೆ ಇನ್ನೊಂದು ಕಣ್ಣು ಮುಚ್ಚಿಸಿ ಕನ್ನಡಕವನ್ನು ಬೆರಳಲ್ಲಿ ಅಲ್ಲಾಡಿಸಿ ನೋಡುತ್ತೇನೆ. ನೀವೂ ಮಾಡಿ ನೋಡಬಹುದು. ಎರಡು ಮಿಲಿಮೀಟರ್ ಮೇಲಕ್ಕೆ ಎತ್ತಿದಾಗ ಅಕ್ಷರ ತೆರೆದುಕೊಂಡರೆ ಆ ಲೆನ್ಸ್ ಕೆಳಗೆ ಕೂತಿದೆ. ಪಕ್ಕಕ್ಕೆ ಸರಿಸಿದಾಗ ಸರಿಹೋದರೆ ಆ ಕಣ್ಣಿನ ಅಳತೆ ತಪ್ಪು. ಹೇಗೆ ಅಲ್ಲಾಡಿಸಿದರೂ ಏನೂ ಆಗದೆ, ಪುಸ್ತಕ ಹತ್ತಿರ ತಂದಾಗ ಮಾತ್ರ ಸ್ಪಷ್ಟವಾದರೆ ಆ ಕಣ್ಣಿಗೆ ಪ್ಲಸ್ ಜಾಸ್ತಿಯಾಗಿದೆ, ದೂರ ಒಯ್ದಾಗ ಆದರೆ ಕಮ್ಮಿಯಾಗಿದೆ. ಇದಕ್ಕೆ ಓದುವ ಪವರೇ ಕಾರಣ ಆಗಬೇಕೆಂದಿಲ್ಲ. ದೂರದ ನಂಬರ್ ಕಾಲು ಅರ್ಧ ತಪ್ಪಿದ್ದರೂ ಓದುವಾಗ ಹೊರಬರುತ್ತದೆ, ಕೆಳಗಿನ ಪವರ್ ಅದರ ಮೇಲೇ ಕೂತಿರುತ್ತದಲ್ವಾ.

ಕಡ್ಡಿಯ ವಿಷಯ. ಕನ್ನಡಕ ಸೊಟ್ಟಗೆ ಕೂತು ಒಂದು ಲೆನ್ಸ್ ಎತ್ತರ ಆಗಿದ್ದರೆ, ಎತ್ತರ ಇರುವ ಕಡೆಯ ಕಡ್ಡಿಯನ್ನು ಮೇಲಕ್ಕೇ ಬಗ್ಗಿಸಬೇಕು. ಉಲ್ಟಾ ಅನ್ನಿಸುತ್ತದೆ. ಆದರೆ ಕಡ್ಡಿಯ ತುದಿ ಕಿವಿ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಮುಂಭಾಗ ಕೆಳಗಿಳಿಯುತ್ತದೆ. ಹೊಸಬರು ಮೊದಲ ಸಲ ಕೆಳಕ್ಕೇ ಬಗ್ಗಿಸಿ ಇನ್ನೂ ಸೊಟ್ಟ ಮಾಡುತ್ತಾರೆ. ಕೆಲವರಿಗೆ ಕನ್ನಡಕ ನೇರವೇ ಇರುತ್ತದೆ, ಕಣ್ಣೇ ಒಂದು ಸ್ವಲ್ಪ ಮೇಲಿರುತ್ತದೆ. ಅಂಥವರಿಗೆ ಕಡ್ಡಿ ಬಗ್ಗಿಸಿ ನೋಟ ಸರಿಮಾಡಿದರೆ ಕನ್ನಡಿಯಲ್ಲಿ ಸೊಟ್ಟ ಕಂಡು ಜಗಳಕ್ಕೆ ಬರುತ್ತಾರೆ. ಒಂದೊಂದು ಕಣ್ಣಿಗೆ ಬೇರೆ ಎತ್ತರ ಅಳೆದು ಹೊಸ ಲೆನ್ಸ್ ಹಾಕುವುದೇ ಸರಿ.

ಹೊಸ ಲೆನ್ಸಿನ ಮೇಲೆ ಅಳತೆಗೆ ಅಂತ ಇರುವ ಹಳದಿ, ಬಿಳಿ ಬಣ್ಣದ ಗುರುತು ಅಳಿಸಿಹೋಗಿದ್ದರೆ ಅಳೆಯುವುದು ಹೇಗೆ ಅಂತ ಕೇಳುತ್ತಾರೆ. ಲೆನ್ಸಿನ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಟ್ಟು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಬೆ ಆರುವಷ್ಟರಲ್ಲಿ ಎರಡು ಪುಟ್ಟ ಗುರುತು ಮಿಂಚುತ್ತವೆ, ನಡುವೆ 34 ಮಿ.ಮೀ. ಕಿವಿಯ ಕಡೆಯ ಗುರುತಿನ ಕೆಳಗೆ ಸಾಮಾನ್ಯವಾಗಿ ಓದುವ ಪವರ್ ಕೆತ್ತಿರುತ್ತದೆ. ಒಂದರಲ್ಲಿ 20 (ಅಂದರೆ +2.00), ಇನ್ನೊಂದರಲ್ಲಿ 25 (+2.50) ಅಂತ ಇದ್ದು, ಚೀಟಿಯಲ್ಲಿ ಎರಡೂ ಕಣ್ಣಿಗೆ ಒಂದೇ ಬರೆದಿದ್ದರೆ ಮುಂದೆ ಹುಡುಕುವುದೇ ಬೇಡ.

ತಲೆ ಕೆಡಿಸುವ ಒಂದು ಜಾತಿ ಇದೆ. ಬೇರೆ ಬೇರೆ ಓದಿಸಿದರೆ ಎರಡೂ ಕಣ್ಣು ನೀಟು, ಒಟ್ಟಿಗೆ ತೆರೆದರೆ ಸಾಲು ಎರಡಾದ ಹಾಗೆ, ಹತ್ತು ನಿಮಿಷಕ್ಕೆ ತಲೆನೋವು. ಇಂಥವರ ಎರಡು ಕಣ್ಣಿನ ನಂಬರ್ ನೋಡಿ. ಒಂದು −1, ಇನ್ನೊಂದು −4 ಅಂದುಕೊಳ್ಳಿ. ಓದಲು ಲೆನ್ಸಿನ ನಡುವಿನಿಂದ 1 ಸೆಂ.ಮೀ. ಕೆಳಗೆ ನೋಡಿದರೆ ಎರಡು ಕಣ್ಣಿನ ನಡುವೆ ಮೇಲೆ ಕೆಳಗೆ 3 ಪ್ರಿಸಂನಷ್ಟು (ಲೆನ್ಸ್ ಬೆಳಕನ್ನು ಬಾಗಿಸುವುದರ ಅಳತೆ ಇದು) ವ್ಯತ್ಯಾಸ ಹುಟ್ಟುತ್ತದೆ. ಮಾಮೂಲಿ ಕನ್ನಡಕದಲ್ಲಿ ಇವರು ತಲೆ ಬಗ್ಗಿಸಿ ನಡುವಿನಿಂದಲೇ ಓದುತ್ತಿದ್ದರು, ಪ್ರೊಗ್ರೆಸಿವ್ ಹಾಗೆ ಮಾಡಲು ಬಿಡುವುದಿಲ್ಲ. ಒಂದೇ ಕಣ್ಣಿನ ಪೊರೆ ಆಪರೇಷನ್ ಆದವರಲ್ಲಿ ಇದು ಆಗಬಹುದು. ಸ್ಲ್ಯಾಬ್-ಆಫ್ ಅಂತ, ಒಂದು ಲೆನ್ಸಿನ ಕೆಳಭಾಗ ಅರೆದು ಈ ವ್ಯತ್ಯಾಸ ಕಮ್ಮಿ ಮಾಡುವ ಕೆಲಸ ಮಾಡಿಸಬಹುದು, ಆದರೆ ನನ್ನನ್ನು ಕೇಳಿದರೆ ಓದಲು ಬೇರೆ ಕನ್ನಡಕ ಇಟ್ಟುಕೊಳ್ಳುವುದು ಸಲೀಸು.

ಇಷ್ಟೆಲ್ಲ ಆದಮೇಲೂ ಗೊತ್ತಾಗದಿದ್ದರೆ ಪರೀಕ್ಷೆಯ ಫ್ರೇಮಿಗೆ ಅದೇ ನಂಬರಿನ ಬಿಡಿ ಗಾಜು ಹಾಕಿ ಓದಿಸುತ್ತೇನೆ. ಅದರಲ್ಲಿ ಎರಡೂ ಕಣ್ಣು ಸಮ ಬಂದರೆ ತಪ್ಪು ಕನ್ನಡಕದ್ದು. ಅದರಲ್ಲೂ ಆ ಕಣ್ಣು ಮಬ್ಬೇ ಇದ್ದು, ನಂಬರ್ ಬದಲಿಸಿದರೂ ಸುಧಾರಿಸದೆ, ಸಾಲುಗಳು ಡೊಂಕಾಗಿ ಕಾಣುತ್ತವೆ ಅಂದರೆ ಮತ್ತೆ ಕನ್ನಡಕ ಮಾಡುವ ಮಾತೇ ಇಲ್ಲ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸುತ್ತೇನೆ.