ಪೊಟ್ಯಾಸಿಯಂ ಮರಳುವ ದಾರಿ

ಕಾಲು ಬಾತುಕೊಂಡ ಹೃದ್ರೋಗಿಗೆ ವೈದ್ಯರು ಬರೆದುಕೊಡುವ ಫ್ಯೂರೋಸೆಮೈಡ್, ಅಂದರೆ ಅನೇಕ ಮನೆಗಳಲ್ಲಿ ಲ್ಯಾಸಿಕ್ಸ್ ಎಂದೇ ಪರಿಚಿತವಾದ ಮಾತ್ರೆ, ಹೊಟ್ಟೆ ಸೇರಿದ ಗಂಟೆಯೊಳಗೆ ಮೂತ್ರವನ್ನು ಧಾರಾಳವಾಗಿ ಹರಿಸತೊಡಗುತ್ತದೆ. 1960ರ ದಶಕದಲ್ಲಿ ಈ ಔಷಧ ಬಳಕೆಗೆ ಬಂದಾಗ ಅದರ ಪರಿಣಾಮ ಎಲ್ಲರಿಗೂ ಕಾಣುತ್ತಿತ್ತು. ಆದರೆ ಮೂತ್ರಪಿಂಡದ ಜೀವಕೋಶಗಳು ಉಪ್ಪನ್ನು ಸಾಗಿಸುವ ಬಗೆಯೇ ಸ್ಪಷ್ಟವಿಲ್ಲದ ಆ ಕಾಲದಲ್ಲಿ, ಮಾತ್ರೆ ಅಲ್ಲಿ ಯಾವುದನ್ನು ತಡೆಯುತ್ತದೆ ಎಂದು ಖಚಿತವಾಗಿ ಹೇಳುವಂತಿರಲಿಲ್ಲ.

ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಕರಗಿರುವ ಅಡುಗೆ ಉಪ್ಪನ್ನಷ್ಟೇ ತೂಗಿದರೂ ಒಂದು ಕಿಲೋಗ್ರಾಂಗಿಂತ ಹೆಚ್ಚಾಗುತ್ತದೆ. ಇದರ ಬಹುಪಾಲನ್ನು, ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷದಷ್ಟಿರುವ ನೆಫ್ರಾನ್ ಎಂಬ ಸೂಕ್ಷ್ಮ ನಾಳಗಳ ಗೋಡೆಯ ಜೀವಕೋಶಗಳು ಮರಳಿ ರಕ್ತಕ್ಕೆ ಸೇರಿಸುತ್ತವೆ. ಸೋಸಿದ ಉಪ್ಪಿನ ಸುಮಾರು ಕಾಲು ಭಾಗ ಮರಳುವುದು, ನೆಫ್ರಾನ್ ಕೆಳಗಿಳಿದು ಮತ್ತೆ ಮೇಲಕ್ಕೆ ತಿರುಗುವ ಹೆನ್ಲೆ ಕುಣಿಕೆಯ ಮೇಲೇರುವ ದಪ್ಪ ಭಾಗದಲ್ಲಿ. ಈ ಗೋಡೆಯ ವಿಶೇಷವೆಂದರೆ ಅದು ಉಪ್ಪನ್ನು ಬಿಟ್ಟುಕೊಡುತ್ತದೆ, ನೀರನ್ನು ಬಿಡುವುದಿಲ್ಲ. ಹಾಗಾಗಿ ನಾಳದೊಳಗಿನ ದ್ರವ ತೆಳುವಾಗುತ್ತ ಹೋಗುತ್ತದೆ, ಸುತ್ತಲಿನ ಅಂಗಾಂಶ ಉಪ್ಪಾಗುತ್ತದೆ. ಬೇಸಿಗೆಯಲ್ಲಿ ಮೂತ್ರವನ್ನು ಗಾಢವಾಗಿಸಿ ನೀರನ್ನು ಉಳಿಸಿಕೊಳ್ಳುವ ನಮ್ಮ ಸಾಮರ್ಥ್ಯ ಈ ಉಪ್ಪಿನ ಮೇಲೆಯೇ ನಿಂತಿದೆ.

ಈ ಭಾಗವನ್ನು ನೇರವಾಗಿ ಪರೀಕ್ಷಿಸುವುದು ಬಹುಕಾಲ ಕಷ್ಟವಾಗಿತ್ತು. 1920ರ ದಶಕದಿಂದ ಬಳಕೆಯಲ್ಲಿದ್ದ ವಿಧಾನದಲ್ಲಿ ಸಂಶೋಧಕರು ಜೀವಂತ ಪ್ರಾಣಿಯ ಮೂತ್ರಪಿಂಡಕ್ಕೆ ಸೂಕ್ಷ್ಮ ಗಾಜಿನ ಸೂಜಿ ಚುಚ್ಚಿ ದ್ರವ ತೆಗೆಯುತ್ತಿದ್ದರು. ಸೂಜಿಗೆ ಎಟಕುತ್ತಿದ್ದುದು ಹೆಚ್ಚಾಗಿ ಮೇಲ್ಮೈಗೆ ಹತ್ತಿರವಿದ್ದ ನಾಳಗಳು ಮಾತ್ರ. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ದುಡಿಯುತ್ತಿದ್ದ ಮಾರಿಸ್ ಬರ್ಗ್ ಇದಕ್ಕೆ ಬೇರೆಯೇ ದಾರಿ ಹುಡುಕಿದರು. ಅವರು ಮತ್ತು ಸಂಗಡಿಗರು ಮೊಲದ ಮೂತ್ರಪಿಂಡದಿಂದ ತಲೆಗೂದಲಿಗಿಂತ ತೆಳುವಾದ ನಾಳದ ತುಣುಕೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ಕೈಯಿಂದಲೇ ಬಿಡಿಸಿ ತೆಗೆದು, ಅದರ ಎರಡು ತುದಿಗಳನ್ನು ಗಾಜಿನ ಕೊಳವೆಗಳಲ್ಲಿ ಹಿಡಿದು, ಒಂದು ಕಡೆಯಿಂದ ತಮಗೆ ಬೇಕಾದ ದ್ರವವನ್ನು ಹರಿಸಿ ಇನ್ನೊಂದು ಕಡೆಯಿಂದ ಹೊರಬಂದುದನ್ನು ಅಳೆದರು. 1966ರಲ್ಲಿ ಪ್ರಕಟವಾದ ಈ ವಿಧಾನವೇ ಮುಂದಿನ ಇಡೀ ಕಥೆಯ ಬುನಾದಿ ಎಂಬುದು ನನ್ನ ಅಭಿಪ್ರಾಯ. ನಾಳದ ಒಳಗಿನ ದ್ರವವನ್ನೂ ಹೊರಗಿನ ದ್ರವವನ್ನೂ ಬೇರೆ ಬೇರೆಯಾಗಿ ಬದಲಿಸಲು ಸಾಧ್ಯವಾದದ್ದರಿಂದ, ಜೀವಕೋಶದ ಎರಡು ಮುಖಗಳನ್ನೂ ಬಿಡಿಬಿಡಿಯಾಗಿ ಪ್ರಶ್ನಿಸುವುದು ಆಗ ಕೈಗೆ ಬಂತು.

1973ರಲ್ಲಿ ಬರ್ಗ್ ಮತ್ತು ಗ್ರೀನ್ ಈ ದಪ್ಪ ಭಾಗವನ್ನು ಪರೀಕ್ಷಿಸಿದಾಗ, ನಾಳದ ಒಳಗು ಹೊರಗಿಗಿಂತ ಕೆಲವು ಮಿಲಿವೋಲ್ಟುಗಳಷ್ಟು ಧನ ವಿದ್ಯುತ್ ವಿಭವದಲ್ಲಿರುವುದು ಕಂಡಿತು. ಅದೇ ವರ್ಷ ರೋಚಾ ಮತ್ತು ಕೊಕ್ಕೊ ಕೂಡ ಪ್ರತ್ಯೇಕವಾಗಿ ಇದನ್ನೇ ಕಂಡರು. ಋಣ ಆವೇಶದ ಕ್ಲೋರೈಡ್ ಅಯಾನು ಧನ ವಿಭವವುಳ್ಳ ಒಳಗನ್ನು ಬಿಟ್ಟು ಹೊರಗೆ ಹೋಗುತ್ತಿದೆಯೆಂದರೆ ಅದನ್ನು ಏನೋ ಒಂದು ಬಲವಂತವಾಗಿ ಸಾಗಿಸುತ್ತಿರಲೇಬೇಕು. ಆದ್ದರಿಂದ ಇಲ್ಲಿ ಕ್ಲೋರೈಡಿಗೇ ಮೀಸಲಾದ ಪಂಪು ಇರಬೇಕೆಂದು ಅವರು ತರ್ಕಿಸಿದರು. ಫ್ಯೂರೋಸೆಮೈಡನ್ನು ನಾಳದ ಒಳಗಿನಿಂದ ಹರಿಸಿದರೆ ಅತ್ಯಲ್ಪ ಪ್ರಮಾಣದಲ್ಲೇ ಈ ವಿಭವವೂ ಉಪ್ಪಿನ ಸಾಗಾಟವೂ ಕುಸಿಯುತ್ತಿದ್ದವು. ಅಳತೆಗಳೆಲ್ಲ ಸರಿಯಾಗಿದ್ದವು, ಆದರೆ ವ್ಯಾಖ್ಯಾನದಲ್ಲಿ ಒಂದು ತೊಡಕಿತ್ತು. ಜೀವಕೋಶದಿಂದ ಸೋಡಿಯಮ್ಮನ್ನು ಹೊರದೂಡಿ ಪೊಟ್ಯಾಸಿಯಮ್ಮನ್ನು ಒಳತರುವ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ನಿಲ್ಲಿಸುವ ವಿಷವಾದ ಊಬೈನನ್ನು ಹೊರಗಿನ ದ್ರವಕ್ಕೆ ಬೆರೆಸಿದರೂ ಕ್ಲೋರೈಡ್ ಸಾಗಾಟ ನಿಲ್ಲುತ್ತಿತ್ತು. ಕ್ಲೋರೈಡಿಗೆ ಸ್ವತಂತ್ರ ಪಂಪು ಇದ್ದಿದ್ದರೆ ಹಾಗಾಗಬೇಕಿರಲಿಲ್ಲ.

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರೈನರ್ ಗ್ರೇಗರ್ ಈ ತೊಡಕನ್ನು ಬಿಡಿಸಿದರು. 1981ರಲ್ಲಿ ಅವರು ಮತ್ತು ಶ್ಲಾಟರ್, ನಾಳದೊಳಗಿನ ದ್ರವದಿಂದ ಪೊಟ್ಯಾಸಿಯಮ್ಮನ್ನು ತೆಗೆದುಹಾಕಿದರೆ ಉಪ್ಪಿನ ಸಾಗಾಟವೇ ನಿಂತುಹೋಗುತ್ತದೆ ಎಂದು ತೋರಿಸಿದರು. ಅಲ್ಲಿಂದ ರೂಪುಗೊಂಡ ಚಿತ್ರ ಹೀಗಿದೆ: ಜೀವಕೋಶದ ರಕ್ತದ ಬದಿಯಲ್ಲಿರುವ ಪಂಪು ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರದೂಡಿ ಎರಡು ಪೊಟ್ಯಾಸಿಯಮ್ಮನ್ನು ಒಳಗೆ ತರುತ್ತದೆ. ಹೀಗೆ ಕೋಶದೊಳಗೆ ಸೋಡಿಯಂ ಕಡಿಮೆಯಾಗಿರುವುದರಿಂದ ನಾಳದ ಕಡೆಯಿಂದ ಸೋಡಿಯಂ ಒಳನುಗ್ಗಲು ಹವಣಿಸುತ್ತದೆ. ಆದರೆ ಅಲ್ಲಿನ ವಾಹಕ ಪ್ರೋಟೀನು ಅದನ್ನು ಒಂಟಿಯಾಗಿ ಬಿಡುವುದಿಲ್ಲ. ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಕೂಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಫ್ಯೂರೋಸೆಮೈಡ್ ಮುಚ್ಚುವುದು ಈ ಬಾಗಿಲನ್ನೇ.

ಇಲ್ಲಿ ಒಂದು ಲೆಕ್ಕ ಕೂಡಿಬರುವುದಿಲ್ಲ. ಸೋಸಿದ ದ್ರವದಲ್ಲಿ ಸೋಡಿಯಮ್ಮಿಗೆ ಹೋಲಿಸಿದರೆ ಪೊಟ್ಯಾಸಿಯಂ ಬಹಳ ಕಡಿಮೆ, ಸುಮಾರು ಮೂವತ್ತರಲ್ಲಿ ಒಂದು ಪಾಲು. ಒಂದಕ್ಕೊಂದರಂತೆ ಎರಡನ್ನೂ ಒಳಗೆಳೆದುಕೊಳ್ಳುತ್ತ ಹೋದರೆ ಪೊಟ್ಯಾಸಿಯಂ ಬಹುಬೇಗ ಬರಿದಾಗಿ ವಾಹಕ ಕೈಕಟ್ಟಿ ಕೂರಬೇಕಾಗುತ್ತದೆ. ಹಾಗಾಗದಿರಲು ಕಾರಣ, ಒಳಬಂದ ಪೊಟ್ಯಾಸಿಯಂ ಅದೇ ಬದಿಯ ಪೊರೆಯಲ್ಲಿರುವ ಮತ್ತೊಂದು ರಂಧ್ರದ ಮೂಲಕ ಮತ್ತೆ ನಾಳಕ್ಕೆ ಸೋರಿಹೋಗುತ್ತದೆ. ಬಾವಿಯಿಂದ ನೀರು ಸೇದುವವರು ಬರಿಗೊಡವನ್ನು ಮತ್ತೆ ಕೆಳಗಿಳಿಸಲೇಬೇಕಲ್ಲವೇ, ಇದೂ ಹಾಗೆಯೇ. ಇನ್ನೂ ಸೊಗಸಾದ ಸಂಗತಿಯೆಂದರೆ, ಹೀಗೆ ಮರಳುವ ಧನ ಆವೇಶವೇ ನಾಳದ ಒಳಗನ್ನು ಧನವಾಗಿಸುತ್ತದೆ. ಬರ್ಗ್ ಕಂಡ ಮಿಲಿವೋಲ್ಟುಗಳ ಮೂಲ ಇದೇ. ಆ ವಿಭವ ಕೋಶಗಳ ನಡುವಿನ ಸಂದಿಯಲ್ಲಿ ಇನ್ನಷ್ಟು ಸೋಡಿಯಮ್ಮನ್ನೂ, ಜೊತೆಗೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಮ್ಮನ್ನೂ ರಕ್ತದ ಕಡೆಗೆ ತಳ್ಳುತ್ತದೆ. ಇಲ್ಲಿ ಹೀರಲ್ಪಡುವ ಸೋಡಿಯಮ್ಮಿನ ಸುಮಾರು ಅರ್ಧದಷ್ಟು, ಪಂಪಿಗೆ ಹೆಚ್ಚಿನ ವೆಚ್ಚವಿಲ್ಲದೆ, ಈ ಸಂದಿಯಲ್ಲಿಯೇ ದಾಟುತ್ತದೆ. ಸೋರಿಕೆಯಂತೆ ಕಾಣುವುದೇ ಇಡೀ ವ್ಯವಸ್ಥೆಯನ್ನು ನಡೆಸುತ್ತಿದೆ ಎಂಬುದನ್ನು ನಾನು ಈ ಕ್ಷೇತ್ರದ ಅತ್ಯಂತ ಸುಂದರ ಶೋಧವೆಂದು ಪರಿಗಣಿಸುತ್ತೇನೆ.

ಚಿತ್ರದಲ್ಲಿದ್ದ ರಂಧ್ರ ಮತ್ತು ವಾಹಕ ನಿಜವಾದ ಅಣುಗಳಾಗಿ ಕೈಗೆ ಸಿಕ್ಕಿದ್ದು ಇನ್ನೊಂದು ದಶಕದ ಬಳಿಕ. ಸ್ಟೀವನ್ ಹೆಬರ್ಟ್ ಮತ್ತು ಸಹೋದ್ಯೋಗಿಗಳು ಇಲಿಯ ಮೂತ್ರಪಿಂಡದಿಂದ ತೆಗೆದ, ಪ್ರೋಟೀನು ತಯಾರಿಸುವ ಸೂಚನೆ ಹೊತ್ತ ಆರ್‌ಎನ್‌ಎಯನ್ನು ಕಪ್ಪೆಯ ಅಂಡಾಣುವಿಗೆ ಚುಚ್ಚಿ, ಅಂಡಾಣು ಹೊಸದಾಗಿ ಪೊಟ್ಯಾಸಿಯಮ್ಮನ್ನು ಬಿಡತೊಡಗಿದೆಯೇ ಎಂದು ನೋಡುತ್ತ, 1993ರಲ್ಲಿ ರೋಮ್ಕ್ ಎಂಬ ರಂಧ್ರ ಪ್ರೋಟೀನಿನ ಜೀನನ್ನು ಹಿಡಿದರು. ಮರುವರ್ಷ ಉಪ್ಪಿನ ವಾಹಕದ ಜೀನೂ ಸಿಕ್ಕಿತು.

ಗ್ರೇಗರ್ ಅವರ ಚಿತ್ರಕ್ಕೆ ಮನುಷ್ಯರಿಂದಲೇ ಸಾಕ್ಷ್ಯ ದೊರೆತದ್ದು 1996ರಲ್ಲಿ. 1962ರಲ್ಲಿ ಫ್ರೆಡರಿಕ್ ಬಾರ್ಟರ್ ವರ್ಣಿಸಿದ್ದ ಕಾಯಿಲೆಯ ತೀವ್ರ ರೂಪವಿರುವ ಶಿಶುಗಳು ಸದಾ ಫ್ಯೂರೋಸೆಮೈಡ್ ಸೇವಿಸಿದಂತೆ ಉಪ್ಪು ಮತ್ತು ನೀರನ್ನು ಕಳೆದುಕೊಳ್ಳುತ್ತವೆ, ಅನೇಕವು ದಿನ ತುಂಬುವ ಮೊದಲೇ ಹುಟ್ಟುತ್ತವೆ. ರಿಚರ್ಡ್ ಲಿಫ್ಟನ್ ಅವರ ತಂಡ ಕೆಲವು ಕುಟುಂಬಗಳಲ್ಲಿ ವಾಹಕದ ಜೀನು ಕೆಟ್ಟಿರುವುದನ್ನು ಕಂಡಿತು. ಇನ್ನು ಕೆಲವು ಕುಟುಂಬಗಳಲ್ಲಿ ವಾಹಕ ಸರಿಯಾಗಿಯೇ ಇತ್ತು, ಕೆಟ್ಟಿದ್ದುದು ರೋಮ್ಕ್. ಪೊಟ್ಯಾಸಿಯಂ ಮರಳುವ ದಾರಿ ಮುಚ್ಚಿದರೆ ಉಪ್ಪು ಬರುವ ದಾರಿಯೂ ಮುಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ರೋಮ್ಕ್ ಕೆಟ್ಟ ಶಿಶುಗಳಲ್ಲಿ ಇನ್ನೊಂದು ವಿಚಿತ್ರವಿದೆ. ಬಾರ್ಟರ್ ಕಾಯಿಲೆಯಲ್ಲಿ ರಕ್ತದ ಪೊಟ್ಯಾಸಿಯಂ ಇಳಿಯುವುದು ವಾಡಿಕೆ, ಇವರಲ್ಲಿ ಮಾತ್ರ ಹುಟ್ಟಿದ ಮೊದಲ ದಿನಗಳಲ್ಲಿ ಅದು ಏರಿರುತ್ತದೆ. ನಾಳದ ಕೊನೆಯ ಭಾಗದಲ್ಲಿ ಹೆಚ್ಚಿನ ಪೊಟ್ಯಾಸಿಯಮ್ಮನ್ನು ಮೂತ್ರಕ್ಕೆ ಬಿಡುವುದೂ ಇದೇ ರೋಮ್ಕ್ ಆಗಿರುವುದು ಅದಕ್ಕೆ ಕಾರಣ. ಕೆಲವು ವಾರಗಳಲ್ಲಿ ಬೇರೆ ರಂಧ್ರಗಳು ಆ ಕೆಲಸವನ್ನು ವಹಿಸಿಕೊಂಡಂತೆ ಮಟ್ಟ ಇಳಿದು, ಕಾಯಿಲೆ ತನ್ನ ಪರಿಚಿತ ಮುಖವನ್ನು ತೋರಿಸುತ್ತದೆ. ಅಲ್ಲಿಯವರೆಗೆ ವೈದ್ಯರು ಅದನ್ನು ಉಪ್ಪನ್ನು ಉಳಿಸಿ ಪೊಟ್ಯಾಸಿಯಮ್ಮನ್ನು ಹೊರಹಾಕಿಸುವ ಅಲ್ಡೋಸ್ಟೆರೋನ್ ಹಾರ್ಮೋನಿಗೆ ಮೂತ್ರಪಿಂಡ ಸ್ಪಂದಿಸದ ಕಾಯಿಲೆಯೆಂದು ತಪ್ಪು ತಿಳಿಯುವ ಸಂಭವವಿರುತ್ತದೆ.