ಕರಾಟೆ ಬ್ಲ್ಯಾಕ್ ಬೆಲ್ಟ್ ಇದ್ದರೆ ಆಕ್ಷನ್ ಹೀರೋ ಆಗಬಹುದಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು, ಊರು ಉಡುಪಿ ಕಡೆ. ಮಗನಿಗೆ 19 ವರ್ಷ. ಚಿಕ್ಕಂದಿನಿಂದ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ತಗೊಂಡಿದ್ದಾನೆ. ಈಗ ಕಾಲೇಜು ಬಿಟ್ಟು ಆಕ್ಷನ್ ಹೀರೋ ಆಗ್ತೀನಿ ಅಂತಾನೆ. ಅಕ್ಷಯ್ ಕುಮಾರ್ ಹೀಗೇ ಅಲ್ವಾ ಬಂದದ್ದು ಅಂತ ನಮ್ಮನ್ನೇ ಕೇಳ್ತಾನೆ. ಒಂದು ಬೆಲ್ಟ್‌ನಿಂದ ಅಷ್ಟೆಲ್ಲ ಆಗತ್ತಾ? ಅವನ ತಂಗಿಯೂ ಅದೇ ಕ್ಲಾಸಿಗೆ ಹೋಗ್ತಾಳೆ. ನಾಳೆ ಅವಳೂ ಹೀಗೇ ಅಂದರೆ?

ಉತ್ತರ: ಬೆಲ್ಟ್ ನೋಡಿ ಯಾರೂ ಹೀರೋ ಪಾತ್ರ ಕೊಡುವುದಿಲ್ಲ. ಆದರೆ ಬೆಲ್ಟ್ ಇದ್ದವರು ಹೀರೋ ಆದದ್ದೂ ನಿಜ. ಹಾಗಾದರೆ ಅವರ ಹತ್ತಿರ ಬೆಲ್ಟ್ ಬಿಟ್ಟು ಇನ್ನೇನಿತ್ತು ಅಂತ ನೋಡಬೇಕು.

ನಿಮ್ಮ ಮಗ ಹೇಳುವ ಅಕ್ಷಯ್ ಕುಮಾರ್ ಕಥೆಯಿಂದಲೇ ಶುರು ಮಾಡೋಣ. ಈ ಕಥೆಯಲ್ಲಿ ಹುಡುಗರಿಗೆ ನೆನಪಿರುವುದು ಎರಡೇ ಮಾತು. ಬ್ಯಾಂಕಾಕ್‌ನಲ್ಲಿ ಫೈಟಿಂಗ್ ಕಲಿತರು, ಮುಂಬೈಗೆ ಬಂದು ಸ್ಟಾರ್ ಆದರು. ನಡುವಿನದ್ದನ್ನು ಯಾರೂ ಹೇಳುವುದಿಲ್ಲ. ರಾಜೀವ್ ಭಾಟಿಯಾ ಅನ್ನುವ ಈ ಹುಡುಗ ಹುಟ್ಟಿದ್ದು 1967ರಲ್ಲಿ, ಅಮೃತಸರದಲ್ಲಿ. ಬೆಳೆದದ್ದು ದೆಹಲಿಯಲ್ಲಿ, ಆಮೇಲೆ ಇಲ್ಲೇ ಮುಂಬೈಯ ಕೋಳಿವಾಡದಲ್ಲಿ. ಓದಿದ್ದು ಮಾಟುಂಗಾದ ಡಾನ್ ಬಾಸ್ಕೋ ಶಾಲೆಯಲ್ಲಿ. ನಮ್ಮ ಮೈಸೂರು ಅಸೋಸಿಯೇಷನ್ ಇರುವ ಅದೇ ಮಾಟುಂಗಾ. ಬ್ಯಾಂಕಾಕ್‌ಗೆ ಹೋಗಿ ಥಾಯ್ ಬಾಕ್ಸಿಂಗ್ ಕಲಿಯುವಾಗ ಹೊಟ್ಟೆಪಾಡಿಗೆ ಅಡುಗೆ ಕೆಲಸ, ವೇಟರ್ ಕೆಲಸ ಎರಡೂ ಮಾಡಿದರು. ವಾಪಸ್ ಬಂದ ಮೇಲೂ ಸಿನಿಮಾದ ಸುದ್ದಿಯೇ ಇಲ್ಲ. ಕೋಲ್ಕತ್ತದಲ್ಲಿ ಟ್ರಾವೆಲ್ ಏಜೆನ್ಸಿ, ಢಾಕಾದಲ್ಲಿ ಹೋಟೆಲ್, ದೆಹಲಿಯಲ್ಲಿ ಕುಂದನ್ ಒಡವೆ ವ್ಯಾಪಾರ ಅಂತ ಸುತ್ತಾಡಿದರು. ಕೊನೆಗೆ ಮುಂಬೈಯಲ್ಲಿ ಮಾರ್ಷಲ್ ಆರ್ಟ್ಸ್ ಕ್ಲಾಸ್. ಅಲ್ಲಿ ಕಲಿಯುತ್ತಿದ್ದ ಹುಡುಗನೊಬ್ಬನ ಅಪ್ಪ ‘ನೀನು ಮಾಡೆಲಿಂಗ್ ಮಾಡಬಾರದಾ’ ಎಂದದ್ದರಿಂದ ದಾರಿ ಬೇರೆಯಾಯಿತು.

ಆಮೇಲಾದರೂ ಸಲೀಸಾಯಿತಾ? ಇಲ್ಲ. ಮೊದಲ ಪೋರ್ಟ್‌ಫೋಲಿಯೋ (ಕೆಲಸ ಕೇಳುವಾಗ ತೋರಿಸುವ ಫೋಟೋಗಳ ಕಟ್ಟು) ಮಾಡಿಸಿಕೊಳ್ಳಲು ಫೋಟೋಗ್ರಾಫರ್ ಜಯೇಶ್ ಶೇಠ್ ಅವರ ಕೈಕೆಳಗೆ 18 ತಿಂಗಳು ಸಂಬಳವಿಲ್ಲದೆ ದುಡಿದರು. 1987ರ ಒಂದು ಚಿತ್ರದಲ್ಲಿ ಕರಾಟೆ ಮೇಷ್ಟ್ರಾಗಿ ಹೀಗೆ ಬಂದು ಹಾಗೆ ಹೋದರು. ಒಂದು ದಿನ ಜಾಹೀರಾತಿನ ಕೆಲಸಕ್ಕೆ ಬೆಂಗಳೂರಿಗೆ ಹೊರಟವರಿಗೆ ವಿಮಾನ ತಪ್ಪಿತು. ಬೇಜಾರಿನಲ್ಲಿ ಪೋರ್ಟ್‌ಫೋಲಿಯೋ ಹಿಡಿದು ಸ್ಟುಡಿಯೋಗೆ ಹೋದರು. ನಿರ್ಮಾಪಕ ಪ್ರಮೋದ್ ಚಕ್ರವರ್ತಿ ಅವತ್ತೇ ನಾಯಕನ ಪಾತ್ರ ಕೊಟ್ಟರು. ಈ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆದರೆ ನಾಯಕನಾಗಿ ಮೊದಲು ತೆರೆಗೆ ಬಂದದ್ದು 1991ರ ‘ಸೌಗಂಧ್’. ಹೆಸರು ತಂದದ್ದು 1992ರ ‘ಖಿಲಾಡಿ’. 1993ರಲ್ಲಿ ನಮ್ಮ ವಿಷ್ಣುವರ್ಧನ್ ಜೊತೆ ‘ವಿಷ್ಣು ವಿಜಯ’ದಲ್ಲೂ ಇದ್ದರು, ನೆನಪಿದೆಯಾ?

ತೊಂಬತ್ತರ ದಶಕದ ಕೊನೆಗೆ ಒಂದಾದ ಮೇಲೊಂದು ಚಿತ್ರ ಮಲಗಿತು. ಅವರ ಕಾಲಿನ ಚುರುಕು ಕಡಿಮೆಯಾಗಿರಲಿಲ್ಲ, ನೋಡುವವರಿಗೆ ಅದೇ ಒದೆತ ಸಾಕಾಗಿತ್ತು. ಕೈ ಹಿಡಿದದ್ದು 2000ದಲ್ಲಿ ಬಂದ ‘ಹೇರಾ ಫೇರಿ’, ಅದೂ ನಗೆ ಸಿನಿಮಾ. ತಮಾಷೆ ಏನೆಂದರೆ, ಅದರ ಇನ್ನೊಬ್ಬ ನಾಯಕ ನಮ್ಮ ಮೂಲ್ಕಿಯ ಸುನಿಲ್ ಶೆಟ್ಟಿ. ಅವರೂ ಮಾರ್ಷಲ್ ಆರ್ಟ್ಸ್ ಕಲಿತವರೇ, 1992ರಲ್ಲಿ ‘ಬಲ್ವಾನ್’ ಚಿತ್ರದಿಂದ ಹೊಡೆದಾಟದ ಹೀರೋ ಆಗಿಯೇ ಬಂದವರು. ಇಬ್ಬರನ್ನೂ ಜನ ಇವತ್ತಿಗೂ ನೆನೆಯುವುದು ಮಾತ್ರ ಕೈಯಲ್ಲಿ ಕಾಸಿಲ್ಲದೆ ಪರದಾಡುವ ಆ ಪಾತ್ರಗಳಿಗೆ.

ಇವರಿಗಿಂತ ಮುಂಚೆಯೇ ನಮ್ಮ ಕರಾವಳಿಯ ಎಂ.ಬಿ. ಶೆಟ್ಟಿ ಇದ್ದರು. ಬೋಳು ತಲೆಯ ಖಳನಾಗಿ ಎಲ್ಲರೂ ನೋಡಿದ್ದೀರಿ. ಹೋಟೆಲ್ ಕೆಲಸಕ್ಕೆ ಅಂತ ಮುಂಬೈಗೆ ಬಂದು, ಬಾಕ್ಸಿಂಗ್ ಹಿಡಿದು, ಕೊನೆಗೆ ಹಿಂದಿ ಚಿತ್ರರಂಗದ ದೊಡ್ಡ ಫೈಟ್ ಮಾಸ್ಟರ್ ಆದರು. ನಿರ್ದೇಶಕ ರೋಹಿತ್ ಶೆಟ್ಟಿ ಅವರ ಮಗ.

ಈಗ ಕೆಲಸದ ವಿಷಯ. ಭಾಂಡುಪ್‌ನಲ್ಲಿ ನನಗೆ ಪರಿಚಯದ ಹಳೆಯ ಫೈಟರ್ ಒಬ್ಬರಿದ್ದಾರೆ, ಕುಂದಾಪುರದವರು. ನಿಮ್ಮ ಪ್ರಶ್ನೆಯನ್ನು ಅವರ ಮುಂದಿಟ್ಟೆ. ‘ಹ್ವಾಯ್, ಹೊಡುಕ್ ಎಲ್ರಿಗೂ ಬತ್ತ್. ಪೆಟ್ ತಿಂಬುಕ್ ಬತ್ತಾ ಕೇಣಿ’ ಅಂದರು. ಅಷ್ಟಕ್ಕೆ ಬಿಡಲಿಲ್ಲ, ಎದ್ದು ನಿಂತು ತೋರಿಸಿದರು. ನಾನು ಕೈ ಬೀಸಬೇಕು. ಮುಷ್ಟಿ ಅವರ ಮೂಗಿನಿಂದ ಒಂದು ಗೇಣು ಆಚೆ ಅಡ್ಡಕ್ಕೆ ಹೋಗಬೇಕು. ಹಾದುಹೋದ ಕ್ಷಣಕ್ಕೆ ಸರಿಯಾಗಿ ಅವರ ಗದ್ದ ತಿರುಗಿತು. ಹಿಂದೆಯೇ ಭುಜ, ಆಮೇಲೆ ಸೊಂಟ, ಕೊನೆಗೆ ಕಾಲು ತಡವರಿಸಿ ಗೋಡೆಗೆ ಹೋಗಿ ಆತುಕೊಂಡರು. ಈ ವರಸೆ ತಪ್ಪಿದರೆ ಸುಳ್ಳು ಹೊಡೆತ ಅಂತ ಚಿಕ್ಕ ಮಗುವಿಗೂ ಗೊತ್ತಾಗುತ್ತದಂತೆ. ಪಕ್ಕದಲ್ಲಿ ಸೋಫಾದ ಮೇಲಿದ್ದ ಮೊಮ್ಮಗ ‘ತಾಗಲೇ ಇಲ್ಲ’ ಎಂದು ನಕ್ಕ. ನನ್ನ ಬೆನ್ನ ಹಿಂದೆ ಚಹಾ ಹಿಡಿದು ಬಂದ ಅವರ ಮನೆಯವರು ಮಾತ್ರ ನಿಜವಾಗಿ ಗಾಬರಿಯಾದರು. ಕ್ಯಾಮೆರಾ ಇಡುವುದು ಅವರು ನಿಂತ ಜಾಗದಲ್ಲಿ. ಹೊಡೆಯುವವನ ಬೆನ್ನ ಹಿಂದಿನಿಂದ ನೋಡಿದರೆ ಮುಷ್ಟಿಗೂ ಮುಖಕ್ಕೂ ನಡುವಿನ ಸಂದು ಕಾಣುವುದಿಲ್ಲ. ಪಕ್ಕದಿಂದ ನೋಡಿದರೆ ಇಡೀ ಗುಟ್ಟು ರಟ್ಟು.

ಕರಾಟೆಯವರಿಗೆ ಇಲ್ಲೊಂದು ಪೇಚು ಇದೆ. ಕರಾಟೆಯ ಗುದ್ದು ಸೊಂಟದ ಪಕ್ಕದಿಂದ ನೆಟ್ಟಗೆ ಹೋಗಿ ನೆಟ್ಟಗೆ ವಾಪಸ್ ಬರುತ್ತದೆ. ಎದುರಾಳಿಗೆ ಕಾಣದಿರುವುದೇ ಅದರ ಬಲ. ಸಿನಿಮಾದಲ್ಲಿ ಪ್ರೇಕ್ಷಕನಿಗೂ ಕಾಣುವುದಿಲ್ಲ, ಅದೇ ತೊಂದರೆ. ಹಾಗಾಗಿ ಕೈಯನ್ನು ಅಗಲವಾಗಿ, ದೂರದಿಂದ ಬೀಸಬೇಕು. ಕ್ಲಾಸಿನಲ್ಲಿ ಸೆನ್ಸೈ ಇಷ್ಟು ವರ್ಷ ಬೈದು ಬಿಡಿಸಿದ ಚಾಳಿಯನ್ನೇ ಮತ್ತೆ ಕಲಿಯಬೇಕು ಅನ್ನಿ. ಟೇಕ್ವಾಂಡೊ, ವುಶು ಕಲಿತವರ ಕಾಲು ತಲೆಗಿಂತ ಮೇಲೆ ಹೋಗುವುದರಿಂದ ಪರದೆಯ ಮೇಲೆ ಜಾಸ್ತಿ ಎದ್ದು ಕಾಣುತ್ತಾರೆ. ಜೂಡೊ, ಕುಸ್ತಿಯವರಿಗೆ ಬೀಳುವುದು ಗೊತ್ತಿರುತ್ತದೆ, ಫೈಟ್ ಮಾಸ್ಟರ್‌ಗಳಿಗೆ ಅದು ಬಲು ಇಷ್ಟ. ನಿಮ್ಮ ಮಗನಿಗೆ ಲಾಭವೇ ಇಲ್ಲ ಅಂತಲ್ಲ. ತಾಗುವ ಮುಂಚೆ ಏಟು ನಿಲ್ಲಿಸುವ ಹಿಡಿತ ಕರಾಟೆಯವರಿಗೆ ಇರುವಷ್ಟು ಬೇರೆಯವರಿಗೆ ಇರುವುದಿಲ್ಲ. ಕಟಾ, ಅಂದರೆ ಎದುರಾಳಿಯಿಲ್ಲದೆ ಒಬ್ಬನೇ ಮಾಡುವ ವರಸೆಗಳ ಸಾಲು, ಮಾಡಿದವನಿಗೆ ಹತ್ತಿಪ್ಪತ್ತು ವರಸೆಗಳನ್ನು ಸಾಲಾಗಿ ನೆನಪಿಟ್ಟುಕೊಳ್ಳುವ ರೂಢಿಯೂ ಇರುತ್ತದೆ. ಸೆಟ್‌ನಲ್ಲಿ ಅದೇ ವರಸೆಯನ್ನು ಟೇಕ್ ಮೇಲೆ ಟೇಕ್, ಒಂದು ಹೆಜ್ಜೆಯೂ ಆಚೀಚೆ ಆಗದಂತೆ ಮಾಡಬೇಕು. ಸ್ಪರ್ಧೆಯಲ್ಲಿ ಒಂದು ಸಲ ಗೆದ್ದರೆ ಮುಗಿಯಿತು, ಇಲ್ಲಿ ಹಾಗಲ್ಲ.

ಅಂದರೆ ಇದು ಹೊಡೆದಾಟಕ್ಕಿಂತ ಕುಣಿತಕ್ಕೆ ಹತ್ತಿರದ ಕೆಲಸ. ಬ್ರೂಸ್ ಲೀ ಅಂದಕೂಡಲೇ ನಮಗೆಲ್ಲ ನೆನಪಾಗುವುದು ಕುಂಗ್ ಫು. ಆದರೆ ಅವರ ಅಪ್ಪ ಕ್ಯಾಂಟನೀಸ್ ಒಪೆರಾ ಕಲಾವಿದ. ಲೀ ಮಗುವಾಗಿದ್ದಾಗಲೇ ಹಾಂಗ್‌ಕಾಂಗ್ ಸಿನಿಮಾಗಳಲ್ಲಿ ನಟಿಸಿದವರು. 1958ರಲ್ಲಿ ಅಲ್ಲಿನ ಚಾ-ಚಾ ನೃತ್ಯ ಸ್ಪರ್ಧೆ ಗೆದ್ದವರು. ಇಪ್ ಮ್ಯಾನ್ ಅನ್ನುವ ಗುರುವಿನ ಹತ್ತಿರ ವಿಂಗ್ ಚುನ್ ಅನ್ನುವ ಕುಂಗ್ ಫು ಶೈಲಿ ಕಲಿತು, ಅಮೆರಿಕದಲ್ಲಿ ಕ್ಲಾಸ್ ನಡೆಸಿ, ಟೀವಿಯಲ್ಲಿ ನಟಿಸಿ, 1971ರಲ್ಲಿ ಹಾಂಗ್‌ಕಾಂಗ್‌ಗೆ ಮರಳಿ ನಾಯಕನಾದರು. 1973ರ ಜುಲೈನಲ್ಲಿ, 32ನೇ ವಯಸ್ಸಿಗೇ ತೀರಿಹೋದರು. ಎರಡು ವರ್ಷದಲ್ಲಿ ಮಾಡಿದ ಹೆಸರು ಅದು.

ಜಾಕಿ ಚಾನ್ ಅಂತೂ ಯಾವ ಪಂದ್ಯಾವಳಿಯಿಂದಲೂ ಬಂದವರಲ್ಲ. ಏಳು ವರ್ಷದ ಹುಡುಗನಾಗಿದ್ದಾಗ ಹಾಂಗ್‌ಕಾಂಗ್‌ನ ಒಂದು ಪೀಕಿಂಗ್ ಒಪೆರಾ ಶಾಲೆಗೆ ಸೇರಿಸಿದರು. ಹತ್ತು ವರ್ಷ ಅಲ್ಲೇ ವಾಸ. ಹಾಡು, ಅಭಿನಯ, ಲಾಗ, ಕತ್ತಿವರಸೆ, ಮುಖವರ್ಣಿಕೆ, ತಪ್ಪಿದರೆ ಬೆತ್ತದ ಏಟು. ನಮ್ಮವರಿಗೆ ಹೇಳುವುದಾದರೆ, ಮೇಳ ಸೇರಿ ಬಣ್ಣ ಹಚ್ಚಿ, ದಿಗಿಣ ಹಾರಿ, ಚೆಂಡೆಯ ಪೆಟ್ಟಿಗೆ ಹೆಜ್ಜೆ ಕೂಡಿಸುವ ಯಕ್ಷಗಾನದ ಹುಡುಗನ ಹಾಗೆ. ಅಲ್ಲಿಂದ ಸ್ಟಂಟ್ ಕೆಲಸ, ವರ್ಷಗಟ್ಟಲೆ ಹೆಸರಿಲ್ಲದ ಪಾತ್ರಗಳು. 1978ರಲ್ಲಿ ‘ಡ್ರಂಕನ್ ಮಾಸ್ಟರ್’ ಬಂದ ಮೇಲೆ ಸ್ಟಾರ್. ಅಲ್ಲೂ ನಗು ಇದೆ, ಗಮನಿಸಿ. (ಇದೇ ಜಾಕಿ ಚಾನ್ 2005ರ ‘ದಿ ಮಿಥ್’ ಚಿತ್ರದ ಶೂಟಿಂಗಿಗೆ ಹಂಪಿಗೂ ಬಂದಿದ್ದರು.)

ಜೆಟ್ ಲೀ ಕ್ರೀಡೆಯಿಂದಲೇ ಬಂದರಲ್ಲ ಅಂತ ನಿಮ್ಮ ಮಗ ವಾದ ಹೂಡಬಹುದು. ಹೌದು, ಚೀನಾದ ವುಶು ಚಾಂಪಿಯನ್, 1982ರಲ್ಲಿ ಮೊದಲ ಚಿತ್ರ. ಆದರೆ ಅವರು ಗೆದ್ದ ವುಶು ಎದುರಾಳಿಯನ್ನು ಕೆಡವುವ ಸ್ಪರ್ಧೆಯಲ್ಲ. ವರಸೆಗಳನ್ನು ಎಷ್ಟು ಅಂದವಾಗಿ ಮಾಡಿ ತೋರಿಸುತ್ತಾರೆ ಅನ್ನುವುದಕ್ಕೆ ಅಂಕ. ನಮ್ಮ ದಾರಾ ಸಿಂಗ್ ನಿಜವಾದ ಪೈಲ್ವಾನರು. 1962ರಿಂದ ಹೀರೋ ಆಗಿ ಸಾಲು ಸಾಲು ಚಿತ್ರ ಮಾಡಿದರು, ಆದರೂ ಮನೆಮನೆಗೆ ಮುಟ್ಟಿದ್ದು ಟೀವಿ ರಾಮಾಯಣದ ಹನುಮಂತನಾಗಿ. ಈಗಿನವರಲ್ಲಿ ಕಳರಿಪಯಟ್ಟು ಕಲಿತ ವಿದ್ಯುತ್ ಜಾಮ್ವಾಲ್ ಇದ್ದಾರೆ. 2011ರ ‘ಫೋರ್ಸ್’ನಲ್ಲಿ ಖಳನಾಗಿ ಬಂದಾಗ ಕಣ್ಣು ಕೀಳಲು ಆಗಲಿಲ್ಲ. ಆಮೇಲಿನ ಚಿತ್ರಗಳಲ್ಲಿ ಮೈ ಮಾತಾಡುತ್ತದೆ, ಕಥೆಗೆ ಮಾತ್ರ ಉಸಿರಿಲ್ಲ. ಇದು ನನ್ನ ಅಭಿಪ್ರಾಯ, ಅವರ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬೇಡಿ.

ಹಾಗಾಗಿ ಕೇಳಿದರೆ ನಾನು ಹೇಳುವುದು ಇಷ್ಟೇ. ಕರಾಟೆ ಬಿಡಿಸಬೇಡಿ, ಕಾಲೇಜನ್ನೂ ಬಿಡಿಸಬೇಡಿ. ಪಕ್ಕದಲ್ಲಿ ನೃತ್ಯವೋ ನಾಟಕವೋ ಸೇರಿಸಿ. ಮುಂಬೈಯಲ್ಲಿ ನಮ್ಮವರ ಯಕ್ಷಗಾನ ತರಗತಿಗಳಿಗೆ ಬರ ಇಲ್ಲ. ಉಡುಪಿ ಕಡೆಯ ಹುಡುಗ, ಮೈಯಲ್ಲಿ ಕಸುವಿದೆ, ಸುಮ್ನೆ ಜಿಮ್‌ಗೆ ದುಡ್ಡು ಸುರಿಯುವುದಕ್ಕಿಂತ ಅದು ವಾಸಿ. ಜಿಮ್ನಾಸ್ಟಿಕ್ಸ್ ಕ್ಲಾಸಿನಲ್ಲಿ ಲಾಗ ಹಾಕುವುದು, ಬೀಳುವುದು ಕಲಿಯಲಿ. ಹಿಂದಿ ಉಚ್ಚಾರ ತಿದ್ದಿಕೊಳ್ಳಲಿ.

ಸ್ಟಂಟ್ ಕಡೆಯಿಂದ ಒಳಗೆ ಹೋಗುವುದಾದರೆ ಇಲ್ಲಿ ಮೂವಿ ಸ್ಟಂಟ್ ಆರ್ಟಿಸ್ಟ್ಸ್ ಅಸೋಸಿಯೇಷನ್ ಇದೆ. ಅದರ ಕಾರ್ಡ್ ಇಲ್ಲದೆ ದೊಡ್ಡ ಸೆಟ್‌ಗಳಲ್ಲಿ ಫೈಟರ್ ಕೆಲಸ ಸಿಗುವುದು ಕಷ್ಟ. ನಟನೆಗೆ ಅಂದರೆ ವರ್ಸೋವಾದ ಆರಾಮ್ ನಗರದಲ್ಲಿ ಆಡಿಷನ್‌ಗಳು ನಡೆಯುತ್ತಲೇ ಇರುತ್ತವೆ. ಯಾರಾದರೂ ‘ರಿಜಿಸ್ಟ್ರೇಷನ್’ ಅಂತ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಆಡಿಷನ್ ಕೊಡಲು ದುಡ್ಡು ಕೊಡಬೇಕಾಗಿಲ್ಲ.

ಅಪಾಯದ ಮಾತನ್ನೂ ಮಗನ ಎದುರಿಗೇ ಆಡಿ. 1982ರಲ್ಲಿ ಬೆಂಗಳೂರಿನ ಜ್ಞಾನಭಾರತಿಯಲ್ಲಿ ‘ಕೂಲಿ’ ಶೂಟಿಂಗ್. ಎದುರಿಗಿದ್ದ ಪುನೀತ್ ಇಸ್ಸರ್ ತಪ್ಪೇನೂ ಮಾಡಿರಲಿಲ್ಲ. ಅಮಿತಾಭ್ ಬಚ್ಚನ್ ಹಾರಿದ ಲೆಕ್ಕ ಒಂದಿಷ್ಟು ತಪ್ಪಿ ಮೇಜಿನ ಮೂಲೆ ಹೊಟ್ಟೆಗೆ ಬಡಿಯಿತು, ಜೀವ ಉಳಿದದ್ದೇ ಹೆಚ್ಚು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಯ ಶೂಟಿಂಗ್. ಹೆಲಿಕಾಪ್ಟರ್‌ನಿಂದ ಹಾರಿದ ಇಬ್ಬರು ಖಳನಟರು ನೀರಿನಿಂದ ಮೇಲೆ ಬರಲೇ ಇಲ್ಲ. ಇಬ್ಬರೂ ಕಟ್ಟುಮಸ್ತಾದ ಆಳುಗಳು. ಹಗ್ಗ, ಲೈಫ್ ಜಾಕೆಟ್, ಆಂಬುಲೆನ್ಸ್, ವಿಮೆ ಇವೆಲ್ಲ ಇದೆಯಾ ಅಂತ ಕೇಳಿದರೆ ಫೈಟ್ ಮಾಸ್ಟರ್ ಸಿಟ್ಟಾಗುತ್ತಾರೆ ಅಂತ ಹೊಸ ಹುಡುಗರು ಬಾಯಿ ಮುಚ್ಚಿಕೊಂಡಿರುತ್ತಾರೆ. ಕೇಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಲಿ.

ಇನ್ನು ಮಗಳ ವಿಷಯ. ‘ನಾಳೆ ಅವಳೂ ಹೀಗೇ ಅಂದರೆ’ ಅಂತ ಹೆದರಿಕೊಂಡೇ ಬರೆದಿದ್ದೀರಿ. ಲೆಕ್ಕ ಹಾಕಿದರೆ ಅವಳಿಗೇ ಪೈಪೋಟಿ ಕಡಿಮೆ. ಹಿಂದೆಲ್ಲ ನಾಯಕಿಯ ಡ್ಯೂಪ್ ಬೇಕಾದರೆ ಗಂಡಸರಿಗೇ ಸೀರೆ ಉಡಿಸಿ, ವಿಗ್ ಹಾಕಿ ಹಾರಿಸುತ್ತಿದ್ದರು. 1975ರ ‘ಶೋಲೆ’ಯಲ್ಲಿ ಹೇಮಾ ಮಾಲಿನಿ ಬದಲು ಟಾಂಗಾ ಓಡಿಸಿದ ರೇಷ್ಮಾ ಪಠಾಣ್ ಮುಂಬೈಯ ಮೊದಲ ಸ್ಟಂಟ್ ಮಹಿಳೆಯರಲ್ಲಿ ಒಬ್ಬರು. ಈಚೆಗೆ ರಿತಿಕಾ ಸಿಂಗ್ ಇದ್ದಾರೆ, ಇದೇ ಮುಂಬೈಯ ಹುಡುಗಿ, ಕಿಕ್ ಬಾಕ್ಸರ್. 2016ರಲ್ಲಿ ತಮಿಳು, ಹಿಂದಿ ಎರಡರಲ್ಲೂ ಬಂದ ಬಾಕ್ಸಿಂಗ್ ಕಥೆಯ ಚಿತ್ರದಲ್ಲಿ ನಾಯಕಿಯಾದರು. ಮೊದಲ ಚಿತ್ರಕ್ಕೇ ರಾಷ್ಟ್ರ ಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ಸಿಕ್ಕಿತು. ಆ ಪಾತ್ರಕ್ಕೆ ನಿಜವಾಗಿ ಗುದ್ದಲು ಬರುವ ಹುಡುಗಿಯೇ ಬೇಕಾಗಿತ್ತು. ಆಡಿಷನ್‌ಗೆ ತೋರಿಸಲು ಅಣ್ಣನ ವರಸೆಗಳ ವಿಡಿಯೋ ಮಾಡಿಸುವುದಾದರೆ, ಆ ದಿನ ಅವಳದ್ದೂ ಒಂದು ಮಾಡಿಸಿ.